ಅಂಗೈಗೆ ಕೇಳಿಸಿದ್ದು

ಭಾನುವಾರ, ಡ್ಯೂಟಿ ಇಲ್ಲ.
ವಾರದ ಖಾಕಿ ಮೂರು ಜೊತೆ ಒಳಗೆ ಹಾಕಿ ಗುಂಡಿ ಒತ್ತಿದ್ದೆ.
ತೊಳೆಯಿತು. ಮತ್ತೆ ತೊಳೆಯಿತು. ನೀರು ಬಿಡುವ ಹೊತ್ತಿಗೆ
ಗಂಟಲಲ್ಲಿ ಏನೋ ಸಿಕ್ಕವರ ಹಾಗೆ
ಗುರ್ ಎಂದು, ನಿಂತು, ಗುರ್ ಎಂದು,
ಮೂರು ಸಲ ಕೂಗಿ ಸುಮ್ಮನಾಯಿತು.
ದುಂಡು ಗಾಜಿನ ಹಿಂದೆ ನನ್ನದೇ ಅಂಗಿಯ ತೋಳು
ಬಸ್ಸಿಗೆ ಕೈ ಅಡ್ಡ ಮಾಡಿದವರಂತೆ.

ಕಂಪನಿಗೆ ಫೋನು ಹಚ್ಚಿದೆ. ಕನ್ನಡಕ್ಕೆ ಎರಡು ಒತ್ತಿದೆ.
‘ಗುರುವಾರ ಬರ್ತೀನ್ರಿ ಮೇಡಂ, ಬೋರ್ಡ್ ಹೋಗಿರ್ಬೇಕು,
ಬೋರ್ಡಿಗೆ ಆರು ಸಾವಿರ.’
ನೋಡದೆ ಹೇಳುವವರ ದನಿ ನನಗೆ ಗೊತ್ತು.
ಚಿಲ್ಲರೆ ಇಲ್ಲವೆಂದು ನಾನೂ ಚೀಲ ನೋಡದೆಯೇ ಹೇಳುತ್ತೇನೆ.

ಮಡ್ಡಿಪೇಟೆಯ ಬೋರಿನ ನೀರು
ಬಕೆಟ್ಟಿನ ಅಂಚಿಗೂ ಬಿಳಿ ಗಡ್ಡ ಬರಿಸುತ್ತದೆ.
ಉಪ್ಪೇ ಇರಬಹುದು. ಕಂಡೆನ್ಸರ್ ಇರಬಹುದು.
ಹಿಂದಿನ ಪೈಪು ಮಡಚಿರಬಹುದು, ಎಳೆದು ನೋಡಿದೆ, ಇಲ್ಲ.
ಪ್ಲಗ್ಗು ಕಿತ್ತು ಹತ್ತು ನಿಮಿಷ ಬಿಟ್ಟೆ
ಮೊಂಡುತನ ಇಳಿಯಲಿ ಎಂದು. ಇಳಿಯಲಿಲ್ಲ.
ಕಿವಿ ಇಟ್ಟೆ. ಗುರ್.
ಗುರ್ ಎಂದರೆ ಏನೂ ಆಗಿರಬಹುದು.

ಅವ್ವ ಹಿತ್ತಲಿಂದ ಬಂದಳು, ಸೊಂಟಕ್ಕೆ ಸೆರಗು ಸಿಕ್ಕಿಸಿ.
ಅವಳಿಗೆ ಗುರ್ ಇಲ್ಲ.
ಇಪ್ಪತ್ತಾರು ವರ್ಷ ಗಂಜಿನ ಹತ್ತಿರದ ಜಿನ್ನಿನಲ್ಲಿ
ಬೀಜದಿಂದ ಅರಳೆ ಬಿಡಿಸುತ್ತ ಬಿಡಿಸುತ್ತ
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವಳು.
ಬಾಯಿ ಅಗಲಿಸಿ ಹೇಳಿದೆ: ಬೋರ್ಡಂತ, ಆರು ಸಾವಿರ.
ಅವಳು ನನ್ನ ಬಾಯಿ ನೋಡಲಿಲ್ಲ.
‘ಚಾಲೂ ಮಾಡು’ ಎಂದಳು.

ಅಂಗೈ ಇಟ್ಟಳು. ಮೊದಲು ಮೇಲೆ.
ಆಮೇಲೆ ಪಕ್ಕೆಗೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು
ಕೆಳಗೆ ಬಲಗಡೆಯ ಮೂಲೆಗೆ,
ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವ ಹಾಗೆ, ಕಣ್ಣು ಮುಚ್ಚಿ.
ಹೈದರಾಬಾದಿನಿಂದ ಮೇಸ್ತ್ರಿ ಕರೆಸುವ ಮೊದಲು
ಜಿನ್ನಿನ ಮಾಲೀಕ ‘ಸವಾರೆಮ್ಮನ್ನ ಕರೀರಿ’ ಅಂತಿದ್ದನಂತೆ.
ಹಾಗಂತ ಕೂಲಿ ಹೆಚ್ಚಿಸಲಿಲ್ಲ, ಅದು ಬೇರೆ ಮಾತು.

‘ಮೋಟರ್ ಜೀವಂತ ಅದ.
ತಿರುಗಬೇಕಂತದ, ಯಾರೋ ಕೈ ಹಿಡಿದಾರ.
ಇಲ್ಲಿ.’

ಆ ಮೂಲೆಗೊಂದು ಪುಟ್ಟ ಬಾಗಿಲು.
ನಾಲ್ಕು ವರ್ಷದಿಂದ ಇತ್ತು, ನಾನು ಅಲಂಕಾರ ಅಂದುಕೊಂಡಿದ್ದೆ.
ಪರಾತ ಇಟ್ಟು ಬಿರಡೆ ತಿರುವಿದರೆ
ಪರಾತಕ್ಕೆ ಲೆಕ್ಕವಿಲ್ಲದಷ್ಟು ಕಂದು ನೀರು
ನುಗ್ಗಿ ಅಡುಗೆಮನೆ ಹೊಸ್ತಿಲ ತನಕ.
ಜರಡಿಯಲ್ಲಿ ಎರಡರ ನಾಣ್ಯ ಐದು,
ಸಿರವಾರವೋ ಲಿಂಗಸುಗೂರೋ ಗೊತ್ತಾಗದ ಟಿಕೆಟ್ಟಿನ ಮುದ್ದೆ,
ಕೂದಲಿನ ಹಗ್ಗ, ಒಂದು ಗುಂಡಿ,
ಅದರಾಚೆ, ರೆಕ್ಕೆಗೆ ಅಡ್ಡಲಾಗಿ,
ಹುಣಸೆಬೀಜಕ್ಕಿಂತ ತುಸು ದೊಡ್ಡದು, ಚರ್ಮದ ಬಣ್ಣದ್ದು,

ಅವ್ವನ ಕಿವಿಯ ಮಷೀನು.

ಕಳೆದು ಎಂಟು ತಿಂಗಳು.
ರಿಮ್ಸ್ ಎದುರಿನ ಅಂಗಡಿಯಲ್ಲಿ ಹನ್ನೊಂದು ಸಾವಿರ,
ಎರಡು ಕಂತು ಇನ್ನೂ ಬಾಕಿ.
ಹಾಸಿಗೆ ಕೊಡವಿದ್ದೆ. ಪಕ್ಕದ ಮನೆಯ ಹುಡುಗರನ್ನು ಗದರಿಸಿದ್ದೆ.
ಅವ್ವನೂ ನನ್ನ ಜೊತೆ ಕಾಟಿನ ಕೆಳಗೆ
ಬ್ಯಾಟರಿ ಬಿಟ್ಟು ಹುಡುಕಿದ್ದಳು, ಬಹಳ ಶ್ರದ್ಧೆಯಿಂದ.

ಮುಖ ನೋಡಿದೆ. ಅವಳು ನಾಣ್ಯ ಎಣಿಸುತ್ತಿದ್ದಳು.

‘ಅದನ್ನ ಹಾಕ್ಕೊಂಡ್ರ’ ಎಂದಳು, ಎಣಿಕೆ ಬಿಡದೆ,
‘ಮಿಕ್ಸಿ, ಟಿವಿ, ಕಾಗಿ, ನೀನು,
ಎಲ್ಲಾ ಕೂಡಿ ಜಿನ್ನಾಗ್ತಿತ್ತು.
ಮತ್ತ ಡ್ಯೂಟಿಗೆ ಹೋದಂಗ.’
ಹತ್ತು ರೂಪಾಯಿ, ತಗೋ, ಎಂದು ನನ್ನ ಅಂಗೈ ಮಡಚಿದಳು.

ಬಿರಡೆ ಬಿಗಿದೆ. ನೀರು ಹೊರಟಿತು.
ಡ್ರಮ್ಮು ಮೆಲ್ಲಗೆ ಹೊರಳಿ, ಮನಸ್ಸು ಮಾಡಿ,
ಏರಿ, ಏರಿ, ಗೂಡಿನ ಲೋಟಗಳು ಒಂದಕ್ಕೊಂದು ತಾಗುವಷ್ಟು.
ಅವ್ವ ಏಳಲಿಲ್ಲ. ಕೈ ಅದರ ಪಕ್ಕೆಯ ಮೇಲೇ.
ಆ ಸದ್ದಿನಲ್ಲಿ ನಾನು ಏನೋ ಕೇಳಿದೆ,
ನನಗೇ ಕೇಳಿಸಲಿಲ್ಲ.
ಅವಳು ಹೌದೆಂದು ತಲೆ ಆಡಿಸಿದಳು.